ಗುಟ್ಟು ಯಾರದು?

"ಡಾಕ್ಟ್ರೇ, ಅವಳ ಮುಂದೆ ಬೇಡ. ಸ್ವಲ್ಪ ಹೊರಗೆ ಕೂತಿರಲಿ." ದೀರ್ಘಕಾಲದ ಕಾಯಿಲೆಯಿರುವ ಮಕ್ಕಳನ್ನು ನೋಡುವ ವೈದ್ಯರಿಗೆ ಈ ಮಾತು ಹೊಸದಲ್ಲ. ಎಂಟು ವರ್ಷದ ಹುಡುಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಕೈಗೊಂದು ಮೊಬೈಲ್ ಕೊಟ್ಟು, ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಒಳಗೆ ಅಪ್ಪ, ಅಮ್ಮ, ಸೋದರಮಾವ, ಒಮ್ಮೊಮ್ಮೆ ಕಾರು ತಂದ ಪಕ್ಕದ ಮನೆಯವರೂ ಇರುತ್ತಾರೆ. ಕಾಯಿಲೆಯ ಹೆಸರೇನು, ಎಷ್ಟು ಕಾಲ ಇರುತ್ತದೆ, ಮುಂದೆ ಏನೇನಾಗಬಹುದು ಎಂಬುದನ್ನೆಲ್ಲ ಅವರು ಕೇಳಿಸಿಕೊಳ್ಳುತ್ತಾರೆ. ಯಾರ ಹೊಟ್ಟೆಗೆ ದಿನಕ್ಕೆ ನಾಲ್ಕು ಸಲ ಸೂಜಿ ಇಳಿಯುತ್ತದೋ ಅವಳೊಬ್ಬಳಿಗೆ ಮಾತ್ರ ಆ ಕೊಠಡಿಯಲ್ಲಿ ಜಾಗವಿಲ್ಲ. "ಏನಂದ್ರಮ್ಮ?" ಎಂದು ಅವಳು ಕೇಳಿದರೆ, "ಏನಿಲ್ಲ ಪುಟ್ಟಿ, ಸ್ವಲ್ಪ ದಿನ ಇಂಜೆಕ್ಷನ್, ಆಮೇಲೆ ಹೋಗ್ಬಿಡುತ್ತೆ" ಎಂಬ ಉತ್ತರ. ಈ ಉತ್ತರದ ಹಿಂದೆ ಪ್ರೀತಿಯಿದೆ, ಅದರಲ್ಲಿ ಅನುಮಾನವಿಲ್ಲ. ಅದರ ಜೊತೆಗೇ ಒಂದು ಗೊಂದಲವೂ ಇದೆ. ಆ ಗೊಂದಲದ ಬೆಲೆಯನ್ನು ಕೊನೆಗೆ ತೆರುವವಳು ಹೊರಗೆ ಕೂತ ಆ ಹುಡುಗಿ.

ನಮ್ಮಲ್ಲಿ ಬಹುಮಂದಿ ಒಪ್ಪಿಕೊಂಡಿರುವ ನಿಲುವನ್ನು ಮೊದಲು ಅದರ ಪೂರ್ತಿ ಬಲದೊಂದಿಗೆ ಹೇಳಬೇಕು. ಮಗುವಿಗೆ ಗಂಭೀರ ಕಾಯಿಲೆಯಿದ್ದರೆ ಅದನ್ನು ಮಗುವಿಗೆ ತಿಳಿಸಬಾರದು, ಊರಿಗಂತೂ ತಿಳಿಸಲೇಬಾರದು ಎಂಬುದು ಆ ನಿಲುವು. ಇದನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ, ಇದಕ್ಕೆ ಕಾರಣಗಳಿವೆ. ಬಾಲ್ಯ ಮತ್ತೆ ಬಾರದು; ಹೇಗೂ ಬದಲಾಯಿಸಲಾಗದ ಸಂಗತಿಯನ್ನು ಹೇಳಿ ಇರುವ ನಾಲ್ಕು ವರ್ಷದ ನಿಶ್ಚಿಂತೆಯನ್ನೂ ಕಿತ್ತುಕೊಳ್ಳುವುದೇಕೆ? ಹೆದರಿದ ಮನಸ್ಸು ಮೈಯನ್ನೂ ಕುಗ್ಗಿಸುತ್ತದೆ, ಧೈರ್ಯವಾಗಿರುವ ಮಗು ಬೇಗ ಚೇತರಿಸಿಕೊಳ್ಳುತ್ತದೆ. ಸಮಾಜ ಮೃದುವಲ್ಲ; ಒಮ್ಮೆ 'ಕಾಯಿಲೆ ಮಗು' ಎಂಬ ಹೆಸರು ಬಿದ್ದರೆ ಆಟಕ್ಕೆ ಸೇರಿಸಿಕೊಳ್ಳುವವರು ಕಡಿಮೆ, ಮರುಗುವವರು ಜಾಸ್ತಿ. ಹೆಣ್ಣುಮಗುವಾದರೆ ಮದುವೆಯ ಪ್ರಶ್ನೆ ಹುಟ್ಟಿದ ದಿನದಿಂದಲೇ ಬೆನ್ನಿಗಿದೆ. ಇಂದು ಆಡಿದ ಮಾತು ಹದಿನೈದು ವರ್ಷದ ಮೇಲೆ ಬೀಗರ ಮನೆಯಲ್ಲಿ ಎದ್ದು ನಿಲ್ಲುತ್ತದೆ. ಈ ನಾಲ್ಕರಲ್ಲಿ ಒಂದೂ ಪೊಳ್ಳಲ್ಲ. ಮುಚ್ಚಿಡುವ ತಾಯಿ ತಾನು ಕಂಡ ಲೋಕದ ಲೆಕ್ಕ ಹಾಕಿಯೇ ಮುಚ್ಚಿಡುತ್ತಾಳೆ. ಹಾಗಾಗಿ ಆ ಲೆಕ್ಕವನ್ನು ಸಾಲು ಸಾಲಾಗಿ ಪರಿಶೀಲಿಸುವುದೇ ಆಕೆಗೆ ಸಲ್ಲಿಸಬೇಕಾದ ಗೌರವ.

ಮಾತು ಗಾಳಿಯಲ್ಲಿ ತೇಲದಿರಲು ಒಂದೇ ಕಾಯಿಲೆಯನ್ನು ಹಿಡಿದು ಮಾತಾಡುತ್ತೇನೆ: ಟೈಪ್ ಒನ್ ಮಧುಮೇಹ. ದೊಡ್ಡವರಿಗೆ ಬರುವ ಸಕ್ಕರೆ ಕಾಯಿಲೆಗೂ ಇದಕ್ಕೂ ಹೆಸರಲ್ಲಷ್ಟೇ ಹತ್ತಿರದ ನಂಟು. ಇಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ತಪ್ಪು ತಿಳಿದು, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತದೆ. ಮಗು ಸಿಹಿ ತಿಂದದ್ದರಿಂದ ಇದು ಬರುವುದಿಲ್ಲ, ಬಸುರಿಯಾಗಿದ್ದಾಗ ತಾಯಿ ಏನೋ ತಿಂದದ್ದರಿಂದಲೂ ಬರುವುದಿಲ್ಲ. ಹೊರಗಿನಿಂದ ಇನ್ಸುಲಿನ್ ಕೊಡಲೇಬೇಕು, ಬದುಕಿರುವಷ್ಟು ಕಾಲ ಕೊಡಬೇಕು. 1922ಕ್ಕೆ ಮೊದಲು ಈ ಕಾಯಿಲೆ ಬಂದ ಮಕ್ಕಳು ಒಂದೆರಡು ವರ್ಷದಲ್ಲಿ ತೀರಿಕೊಳ್ಳುತ್ತಿದ್ದರು. ಆ ವರ್ಷದ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಮ್ಸನ್ ಎಂಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟ ಮೇಲೆ ಮರಣಶಾಸನವಾಗಿದ್ದದ್ದು ಜೀವಮಾನದ ನಿತ್ಯಕರ್ಮವಾಗಿ ಬದಲಾಯಿತು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ ಭಾರತದಲ್ಲಿ 20 ವರ್ಷದೊಳಗಿನ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಈ ಕಾಯಿಲೆಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಕ್ಕಳ ಇನ್ಸುಲಿನ್ ಬಾಟಲಿ ಫ್ರಿಜ್ಜಿನ ಬಾಗಿಲಲ್ಲಿ ಕರಿಬೇವಿನ ಕವರಿನ ಹಿಂದೆ, ನೆಂಟರಿಗೆ ಕಾಣದ ಹಾಗೆ ಕೂತಿರುತ್ತದೆ.

ಮುಚ್ಚಿಡುವ ನಿಲುವಿನ ಮೊದಲ ದೋಷ ಈ ಚಿಕಿತ್ಸೆಯ ಸ್ವರೂಪದಲ್ಲೇ ಇದೆ. ಕೆಲವು ಕಾಯಿಲೆಗಳಲ್ಲಿ ರೋಗಿಗೆ ಏನೂ ಗೊತ್ತಿಲ್ಲದಿದ್ದರೂ ಚಿಕಿತ್ಸೆ ನಡೆಯುತ್ತದೆ. ಅರಿವಳಿಕೆ ಕೊಟ್ಟು ಅಪೆಂಡಿಕ್ಸ್ ತೆಗೆದರೆ ಮುಗಿಯಿತು. ಇಲ್ಲಿ ಹಾಗಲ್ಲ. ಎಷ್ಟು ಮುದ್ದೆ, ಎಷ್ಟು ಅನ್ನ, ಆಟಕ್ಕೆ ಹೋಗುವುದಿದೆಯೋ ಇಲ್ಲವೋ, ನಿನ್ನೆಯಿಂದ ಜ್ವರವಿದೆಯೋ ಹೇಗೆ ಎಂದೆಲ್ಲ ನೋಡಿ ಪ್ರತಿ ಊಟಕ್ಕೂ ಡೋಸ್ ತೀರ್ಮಾನಿಸಬೇಕು. ಅಮೆರಿಕ ಮತ್ತು ಕೆನಡಾದಲ್ಲಿ 1,441 ಮಂದಿಯ ಮೇಲೆ ನಡೆದು 1993ರಲ್ಲಿ ಫಲಿತಾಂಶ ಪ್ರಕಟವಾದ ದೊಡ್ಡ ಅಧ್ಯಯನ ಈ ವಿಷಯವನ್ನು ಇತ್ಯರ್ಥ ಮಾಡಿತು. ದಿನಕ್ಕೆ ಹಲವು ಸಲ ರಕ್ತ ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಇನ್ಸುಲಿನ್ ಹೊಂದಿಸಿಕೊಂಡವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಶುರುವಾಗುವ ಅಪಾಯ ಶೇ. 76ರಷ್ಟು ತಗ್ಗಿತ್ತು. ಅದೇ ಅಧ್ಯಯನ ಇನ್ನೊಂದು ಸಂಗತಿಯನ್ನೂ ತೋರಿಸಿತು: ಬಿಗಿಯಾದ ಈ ನಿಯಂತ್ರಣದಲ್ಲಿ ಸಕ್ಕರೆ ತೀರ ಕುಸಿಯುವ ಅಪಾಯ ಮೂರು ಪಟ್ಟು ಹೆಚ್ಚು. ಅಂದರೆ ಒಳ್ಳೆಯ ಚಿಕಿತ್ಸೆಯೆಂದರೆ ಎರಡು ಕಡೆಯ ಪ್ರಪಾತದ ನಡುವೆ ದಿನವೂ ನಡೆಯುವುದು, ನಡೆಯುವವರು ಕಣ್ಣು ಬಿಟ್ಟಿರಲೇಬೇಕು. ಕಣ್ಣಿಗೆ ಬಟ್ಟೆ ಕಟ್ಟಿ ಕೈ ಹಿಡಿದು ನಡೆಸುತ್ತೇನೆ ಎನ್ನುವ ತಾಯಿ ಸ್ಕೂಲಿನ ಗೇಟಿನಲ್ಲಿ ಆ ಕೈಯನ್ನು ಬಿಡಬೇಕಾಗುತ್ತದೆ.

ಗೇಟಿನ ಒಳಗೆ ಏನಾಗುತ್ತದೆ ನೋಡೋಣ. ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್ ಆಗಿದೆ. ವ್ಯಾನ್ ಬಂತೆಂದು ಎರಡನೇ ಇಡ್ಲಿ ತಟ್ಟೆಯಲ್ಲೇ ಉಳಿದಿದೆ. ಎರಡನೇ ಪೀರಿಯಡ್ಡಿನಲ್ಲಿ ಖೋ ಖೋ ಆಡಿ ಬಂದಿದ್ದಾಳೆ. ಹನ್ನೊಂದೂವರೆಗೆ ಗಣಿತದ ಪಾಠ. ಕುತ್ತಿಗೆಯ ಹಿಂದೆ ತಣ್ಣನೆಯ ಬೆವರು, ಬೆರಳು ನಡುಗಿ ಅಂಕಿ ಗೆರೆಯಿಂದ ಕೆಳಗಿಳಿಯುತ್ತದೆ, ಬೋರ್ಡಿನ ಮೇಲಿನ ಅಕ್ಷರ ಮಸುಕಾಗುತ್ತದೆ, ಯಾರು ಮಾತಾಡಿಸಿದರೂ ಸಿಡುಕುವ ಹಾಗಾಗುತ್ತದೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದಿದೆ ಎಂಬುದರ ಗುರುತುಗಳಿವು. ಆ ಗಳಿಗೆಯಲ್ಲಿ ಬೇಕಾದದ್ದು ಮೂರು ಚಮಚ ಸಕ್ಕರೆಯಷ್ಟು ಸಿಹಿ, ಅಂದರೆ ಸುಮಾರು 15 ಗ್ರಾಂ, ಮತ್ತೆ 15 ನಿಮಿಷ ಬಿಟ್ಟು ಇನ್ನೊಂದು ಪರೀಕ್ಷೆ. ಅಷ್ಟೇ. ಬ್ಯಾಗಿನಲ್ಲಿ ಗ್ಲೂಕೋಸ್ ಪೊಟ್ಟಣವಿದೆ. ಆದರೆ ಎಲ್ಲರೆದುರು ತೆಗೆಯಬೇಡ ಎಂದು ಅಮ್ಮ ಹೇಳಿದ್ದಾಳೆ, ಏನಾಗುತ್ತಿದೆ ಎಂದು ಹುಡುಗಿಗೇ ಸರಿಯಾಗಿ ಗೊತ್ತಿಲ್ಲ, ಟೀಚರಿಗೆ ಏನೇನೂ ಗೊತ್ತಿಲ್ಲ. "ನಿದ್ದೆ ಬರ್ತಿದ್ಯಾ? ಹೋಗು, ಹೊರಗೆ ನಿಂತ್ಕೋ." ಹೊರಗೆ ನಿಂತ ಮಗು ಒರಗಿದರೆ, ಕಂಗಾಲಾದ ಆ ಟೀಚರ್ ಎಚ್ಚರ ತಪ್ಪಿದ ಬಾಯಿಗೆ ನೀರು ಹುಯ್ಯುತ್ತಾರೆ, ಅದು ಶ್ವಾಸನಾಳಕ್ಕೆ ಹೋಗಬಹುದು. ಇಲ್ಲಿ ಯಾರೂ ಕೆಟ್ಟವರಲ್ಲ. ಮೂವರ ನಡುವೆ ಹಂಚಿಕೆಯಾಗಬೇಕಿದ್ದ ಎರಡು ಸಾಲಿನ ಮಾಹಿತಿ ಹಂಚಿಕೆಯಾಗಿಲ್ಲ, ಅಷ್ಟೇ.

ಎರಡನೆಯ ದೋಷ ಇನ್ನೂ ಆಳದ್ದು. ಮುಚ್ಚಿಡುವವರು ಮಗುವಿಗೆ ಗೊತ್ತಿಲ್ಲ ಎಂದುಕೊಂಡೇ ಮುಚ್ಚಿಡುತ್ತಾರೆ. ಆ ಊಹೆ ಎಷ್ಟು ಸರಿ? ಮೈರಾ ಬ್ಲೂಬಾಂಡ್-ಲ್ಯಾಂಗ್ನರ್ ಎಂಬ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ರಕ್ತದ ಕ್ಯಾನ್ಸರಿನ ಮಕ್ಕಳ ಜೊತೆ ತಿಂಗಳುಗಟ್ಟಲೆ ಇದ್ದು, ಕಂಡದ್ದನ್ನು 1978ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಆ ಮಕ್ಕಳು ತೀರ ಚಿಕ್ಕವರು. ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ. ಆದರೂ ಔಷಧಿಗಳ ಹೆಸರು, ಅವುಗಳ ಪರಿಣಾಮ, ಪಕ್ಕದ ಮಂಚದ ಗೆಳೆಯ ಯಾಕೆ ವಾಪಸ್ಸು ಬರಲಿಲ್ಲ, ಕೊನೆಗೆ ತಾವು ಸಾಯುತ್ತಿದ್ದೇವೆ ಎಂಬುದೂ ಅವರಿಗೆ ತಿಳಿದಿತ್ತು. ಅಮ್ಮನ ಕೆಂಪಾದ ಕಣ್ಣಿನಿಂದ, ತಾವು ಹತ್ತಿರ ಬಂದೊಡನೆ ನಿಲ್ಲುವ ಮಾತಿನಿಂದ, ಇತರ ಮಕ್ಕಳಿಂದ ಅವರು ಕಲಿತಿದ್ದರು. ತಮಗೆ ತಿಳಿದಿದೆ ಎಂಬುದನ್ನು ಅವರು ತಂದೆತಾಯಿಗೆ ತಿಳಿಸುತ್ತಿರಲಿಲ್ಲ. ದೊಡ್ಡವರಿಗೆ ಆ ಮಾತು ಬೇಡವೆಂದು ಅರಿತು, ಅವರು ಎದ್ದು ಹೋಗಿಬಿಡಬಾರದೆಂದು, ಏನೂ ಗೊತ್ತಿಲ್ಲದಂತೆ ನಟಿಸುತ್ತಿದ್ದರು. ಇದನ್ನೋದಿದ ಮೇಲೆ 'ಮಗುವಿಗೆ ಗೊತ್ತಾಗದ ಹಾಗೆ ನೋಡಿಕೊಂಡಿದ್ದೇವೆ' ಎಂಬ ಮಾತು ಬೇರೆಯೇ ಆಗಿ ಕೇಳಿಸುತ್ತದೆ. ಕಾಯಿಲೆಯ ಭಾರದ ಮೇಲೆ ನಟನೆಯ ಭಾರವನ್ನೂ ಆ ಮಗುವಿನ ಹೆಗಲಿಗೆ ಹೊರಿಸಿರುತ್ತೇವೆ. ಹೇಳದಿದ್ದರೆ ತಿಳಿಯುವುದಿಲ್ಲ ಎಂಬ ಊಹೆ ಬಿದ್ದುಹೋದ ಮೇಲೆ ಉಳಿಯುವ ಪ್ರಶ್ನೆ ಒಂದೇ: ಮಗು ಅದನ್ನು ಯಾರ ಜೊತೆ ಕೂತು ತಿಳಿಯಬೇಕು?

ಒಂಟಿಯಾಗಿ ತಿಳಿದ ಮಗು ಸರಿಯಾಗಿಯೂ ತಿಳಿಯುವುದಿಲ್ಲ. ಕಾರಣ ಯಾರೂ ಹೇಳದಿದ್ದಾಗ ಚಿಕ್ಕ ಮಕ್ಕಳು ತಮ್ಮ ತಪ್ಪನ್ನೇ ಕಾರಣವಾಗಿ ಹಿಡಿಯುತ್ತಾರೆ: ಕದ್ದು ಚಾಕೊಲೇಟ್ ತಿಂದೆ, ಅದಕ್ಕೇ ಹೀಗಾಯ್ತು. ಬಚ್ಚಿಟ್ಟ ಬಾಟಲಿ ಆ ಅನುಮಾನವನ್ನು ಗಟ್ಟಿ ಮಾಡುತ್ತದೆ. ನಮ್ಮ ಮನೆಗಳಲ್ಲಿ ಏನನ್ನು ಮುಚ್ಚಿಡುತ್ತೇವೆ? ನಾಚಿಕೆಯಾಗುವಂಥದ್ದನ್ನು. ಅತ್ತೆ ಬಂದಾಗ ಸೂಜಿಯ ಡಬ್ಬಿ ಬೀರುವಿಗೆ ಹೋಗುವುದನ್ನು ನೋಡಿದ ಮಗುವಿಗೆ ತನ್ನ ಮೈಯಲ್ಲೇ ನಾಚಿಕೆಗೇಡಿನದೇನೋ ಇದೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹೆದರಿಕೆ ಬೇಡವೆಂದು ಕಟ್ಟಿದ ಗೋಡೆಯೊಳಗೆ ಅವಮಾನ ಬೆಳೆಯುತ್ತದೆ. ಹೆದರಿಕೆಯನ್ನಾದರೆ ಮಾತಾಡಿ ಇಳಿಸಬಹುದು. ಅವಮಾನಕ್ಕೆ ಮಾತೇ ಹೊರಡುವುದಿಲ್ಲ.

'ಸ್ವಲ್ಪ ದಿನ, ಆಮೇಲೆ ಹೋಗ್ಬಿಡುತ್ತೆ' ಎಂಬ ಸುಳ್ಳಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಈ ಕಾಯಿಲೆಯಲ್ಲಿ ಆ ಸುಳ್ಳಿಗೆ ದೇಹವೇ ಕೆಲವು ದಿನ ಸಾಕ್ಷಿ ಹೇಳುತ್ತದೆ. ಇನ್ಸುಲಿನ್ ಶುರು ಮಾಡಿದ ಕೆಲವು ವಾರಗಳಲ್ಲಿ, ಅಳಿದುಳಿದ ಬೀಟಾ ಕೋಶಗಳಿಗೆ ವಿಶ್ರಾಂತಿ ಸಿಕ್ಕಿ, ಅವು ಸ್ವಲ್ಪ ಚೇತರಿಸಿಕೊಂಡು ಮತ್ತೆ ಇನ್ಸುಲಿನ್ ಕೊಡಲಾರಂಭಿಸುತ್ತವೆ. ಡೋಸ್ ಇಳಿಯುತ್ತದೆ, ಕೆಲವು ಮಕ್ಕಳಿಗೆ ತೀರ ಕಡಿಮೆ ಸಾಕಾಗುತ್ತದೆ. ವೈದ್ಯರು ಇದನ್ನು 'ಹನಿಮೂನ್' ಎನ್ನುತ್ತಾರೆ. ತಿಂಗಳುಗಟ್ಟಲೆ ಇದ್ದು ಮುಗಿದುಹೋಗುವ ಹಂತ ಅದು. ಆ ಹೊತ್ತಿನಲ್ಲಿ ಯಾರೋ ಹೇಳಿದ ಬೇರು, ಯಾವುದೋ ಊರಿನ ಪುಡಿ, ಹರಕೆ ಎಲ್ಲದಕ್ಕೂ ಯಶಸ್ಸಿನ ಹೆಸರು ಬರುತ್ತದೆ. ಸೂಜಿ ನಿಲ್ಲುತ್ತದೆ. ಆಮೇಲೆ ಕೆಲವೇ ದಿನಗಳಲ್ಲಿ ವಾಂತಿ, ಹೊಟ್ಟೆನೋವು, ಆಳವಾದ ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ: ಕೀಟೋಅಸಿಡೋಸಿಸ್. ಅದು ತುರ್ತುನಿಗಾ ಘಟಕದ ಕಾಯಿಲೆ, ತಡವಾದರೆ ಜೀವ ಹೋಗುತ್ತದೆ. 'ಇದು ಹೋಗುವುದಿಲ್ಲ, ಆದರೆ ಇದನ್ನಿಟ್ಟುಕೊಂಡು ಚೆನ್ನಾಗಿ ಬದುಕಬಹುದು' ಎಂಬ ಮಾತನ್ನು ಮೊದಲೇ ಕೇಳಿದ ಮನೆ, ಅದನ್ನು ಮಗುವಿಗೂ ಹೇಳಿದ ಮನೆ, ಈ ಬಲೆಗೆ ಅಷ್ಟು ಸುಲಭವಾಗಿ ಬೀಳುವುದಿಲ್ಲ.

ಇಷ್ಟಾದ ಮೇಲೂ ನನ್ನ ವಾದಕ್ಕೆ ಎದುರಾಗಿ ಒಂದು ಜೀವನವೇ ನಿಂತಿದೆ. ಎಲಿಜಬೆತ್ ಹ್ಯೂಸ್ ಅಮೆರಿಕದ ವಿದೇಶಾಂಗ ಮಂತ್ರಿಯಾಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ಮಗಳು. 1919ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಈ ಕಾಯಿಲೆ ಕಾಣಿಸಿಕೊಂಡಿತು. ಆಗ ಇದ್ದದ್ದು ಫ್ರೆಡರಿಕ್ ಆ್ಯಲನ್ ಎಂಬ ವೈದ್ಯರ ಉಪವಾಸದ ಪಥ್ಯ ಮಾತ್ರ. ತುತ್ತು ತುತ್ತನ್ನೂ ತೂಗಿ ತಿಂದು ಅವಳು ಮೂರು ವರ್ಷ ಜೀವ ಹಿಡಿದಳು. 1922ರ ಆಗಸ್ಟ್‌ನಲ್ಲಿ ಟೊರಾಂಟೊದಲ್ಲಿ, ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಎದುರಿಗೆ ನಿಂತಾಗ ಹದಿನೈದು ತುಂಬುತ್ತಿದ್ದ ಆ ಹುಡುಗಿಯ ತೂಕ ಸುಮಾರು 20 ಕಿಲೋ. ಇನ್ಸುಲಿನ್ ಅವಳನ್ನು ಬದುಕಿಸಿತು. ಕಾಲೇಜು ಓದಿದಳು, ಮದುವೆಯಾದಳು, ಮೂರು ಮಕ್ಕಳ ತಾಯಿಯಾದಳು, 1981ರಲ್ಲಿ 73ನೇ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟೂ ಕಾಲ ಆಕೆ ತನ್ನ ಕಾಯಿಲೆಯನ್ನು ಬಚ್ಚಿಟ್ಟಿದ್ದಳು. ತೀರ ಆಪ್ತರಲ್ಲಿ ಕೆಲವರಿಗಷ್ಟೇ ಗೊತ್ತಿತ್ತು. ತಂದೆಯ ಕಾಗದಪತ್ರಗಳಲ್ಲಿದ್ದ ಮಧುಮೇಹದ ಪ್ರಸ್ತಾಪವನ್ನೂ ಇಲ್ಲವಾಗಿಸಿದ್ದಳು. ಇನ್ಸುಲಿನ್ನಿನ ಚರಿತ್ರೆ ಬರೆದ ಮೈಕೆಲ್ ಬ್ಲಿಸ್ ಹುಡುಕಿಕೊಂಡು ಹೋಗದಿದ್ದರೆ ಲೋಕಕ್ಕೆ ಈ ಸಂಗತಿ ತಿಳಿಯುತ್ತಲೇ ಇರಲಿಲ್ಲವೇನೋ. ಗುಟ್ಟು ಕಾಪಾಡಿಯೂ 58 ವರ್ಷ ಇನ್ಸುಲಿನ್ ಮೇಲೆ ಚೆನ್ನಾಗಿ ಬಾಳಿದ ಹೆಣ್ಣುಮಗಳಿದ್ದಾಳೆ. ಹಾಗಾದರೆ ನಮ್ಮ ತಾಯಂದಿರು ಹೇಳುವುದೇ ಸರಿಯಲ್ಲವೆ?

ಈ ಉದಾಹರಣೆಯನ್ನು ಹತ್ತಿರದಿಂದ ನೋಡಬೇಕು. ಎಲಿಜಬೆತ್ ಯಾರಿಂದ ಬಚ್ಚಿಟ್ಟಳು? ಲೋಕದಿಂದ. ಅವಳಿಂದ ಯಾರೂ ಏನನ್ನೂ ಬಚ್ಚಿಟ್ಟಿರಲಿಲ್ಲ. ಚಿಕ್ಕ ವಯಸ್ಸಿಗೇ ತಾನು ತಿಂದದ್ದೆಷ್ಟು, ತನ್ನ ತೂಕ ಎಷ್ಟು, ಪರೀಕ್ಷೆಯಲ್ಲಿ ಏನು ಬಂತು ಎಂದು ದೂರದ ಊರುಗಳಿಂದ ತಾಯಿಗೆ ಪತ್ರ ಬರೆಯುತ್ತಿದ್ದಳು. ಅವಳ ಜೊತೆ ಸದಾ ಒಬ್ಬ ನರ್ಸ್ ಇರುತ್ತಿದ್ದಳು, ಆಕೆಗೆ ಎಲ್ಲವೂ ಗೊತ್ತಿತ್ತು. ಅಂದರೆ ತಿಳಿಯಬೇಕಾದ ಇಬ್ಬರಿಗೆ ಪೂರ್ತಿ ತಿಳಿದಿತ್ತು; ಉಳಿದವರಿಗೆ ಹೇಳಬೇಕೆ ಎಂಬುದನ್ನು ಬೆಳೆದ ಮೇಲೆ ಅವಳೇ ನಿರ್ಧರಿಸಿದಳು. ಆ ನಿರ್ಧಾರವನ್ನು ನಾನು ಮೆಚ್ಚಬೇಕಾಗಿಲ್ಲ. ಅವಳು ಮುಚ್ಚಿಟ್ಟ ಕಾಲದಲ್ಲಿ ಸಾವಿರಾರು ಮಕ್ಕಳಿಗೆ ತಮ್ಮಂತೆಯೇ ಇದ್ದು ದೊಡ್ಡವಳಾದ ಒಬ್ಬಳ ಮುಖ ಕಾಣದೆ ಹೋಯಿತು ಎಂಬ ಕೊರಗು ನನಗಿದೆ. ಆದರೂ ಆ ನಿರ್ಧಾರ ಅವಳದು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು: ಸೋದರಮಾವನಿಗೆ ಗೊತ್ತು, ಪುರೋಹಿತರಿಗೆ ಗೊತ್ತು, ನಾಟಿ ಔಷಧಿಯವನಿಗೆ ಗೊತ್ತು, ಮಗುವಿಗೆ ಗೊತ್ತಿಲ್ಲ, ಕ್ಲಾಸ್ ಟೀಚರಿಗೆ ಗೊತ್ತಿಲ್ಲ.

ಗೊಂದಲ ಎಂದು ಮೊದಲಿಗೆ ಅಂದದ್ದು ಇದನ್ನೇ. 'ಹೇಳಬೇಕೆ, ಮುಚ್ಚಿಡಬೇಕೆ' ಎಂಬ ಒಂದು ಪ್ರಶ್ನೆಯ ಹೊಟ್ಟೆಯಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ.

1. ತನ್ನ ಮೈಯಲ್ಲಿ ಏನಾಗುತ್ತಿದೆ ಎಂಬುದು ಮಗುವಿಗೆ ಗೊತ್ತಿರಬೇಕೆ?

2. ಮಗುವಿನ ಜೀವ ಕೆಲವು ಗಂಟೆ ಯಾರ ಕೈಲಿರುತ್ತದೋ ಅವರಿಗೆ, ಅಂದರೆ ಟೀಚರಿಗೆ, ಪಿ.ಟಿ. ಮೇಷ್ಟ್ರಿಗೆ, ವ್ಯಾನ್ ಓಡಿಸುವವನಿಗೆ, ಒಬ್ಬ ಗೆಳತಿಗೆ ಗೊತ್ತಿರಬೇಕೆ?

3. ಉಳಿದ ಊರಿಗೆ ಗೊತ್ತಿರಬೇಕೆ?

ಮೊದಲನೆಯದಕ್ಕೆ ಉತ್ತರ ಹೌದು. ಎರಡನೆಯದಕ್ಕೂ ಹೌದು, ಆದರೆ ಆ ಗಂಟೆಗಳಿಗೆ ಬೇಕಾದಷ್ಟು ಮಾತ್ರ. ಮೂರನೆಯದಕ್ಕೆ ಯಾವ ಬಾಧ್ಯತೆಯೂ ಇಲ್ಲ. ಮುಚ್ಚಿಡುವ ನಿಲುವಿಗೆ ಬಲ ಕೊಡುವ ಕಾರಣಗಳೆಲ್ಲ, ಅಂದರೆ ಸಮಾಜದ ಕ್ರೌರ್ಯ, ನೆಂಟರ ಬಾಯಿ, ಮರುಕದ ಹಿಂಸೆ, ಮೂರನೆಯ ಪ್ರಶ್ನೆಗೆ ಸೇರಿದವು. ಅಲ್ಲಿಂದ ಅವನ್ನು ಕಡ ತಂದು ಮೊದಲೆರಡಕ್ಕೂ ಅದೇ ಉತ್ತರ ಕೊಡುತ್ತೇವೆ. ಎಚ್‌ಐವಿಯ ವಿಷಯದಲ್ಲಿ, ಅಂದರೆ ಕಳಂಕದ ಹೊರೆ ಎಲ್ಲಕ್ಕಿಂತ ಹೆಚ್ಚಿರುವ ಕಾಯಿಲೆಯಲ್ಲಿ, ಈ ವಿಂಗಡಣೆ ಸ್ಪಷ್ಟವಾಗಿ ಆಗಿದೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಅವರ ಸ್ಥಿತಿಯನ್ನು ಹಂತ ಹಂತವಾಗಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು. ಒಪ್ಪಿಗೆಯಿಲ್ಲದೆ ಯಾರದೇ ಎಚ್‌ಐವಿ ಸ್ಥಿತಿಯನ್ನು ಬಯಲು ಮಾಡಬಾರದೆಂದು ನಮ್ಮ 2017ರ ಕಾಯ್ದೆ ಹೇಳುತ್ತದೆ. ಮಗುವಿಗೆ ತಿಳಿಸುವುದು, ಲೋಕದಿಂದ ಕಾಯುವುದು ಎರಡೂ ಒಟ್ಟಿಗೇ ಸಾಧ್ಯ.

ಚಿಕ್ಕ ಮಗು ಇದನ್ನೆಲ್ಲ ತಡೆದೀತೇ ಎಂಬ ಆಕ್ಷೇಪ ಉಳಿದಿದೆ. ಒಂದೇ ದಿನ ಎಲ್ಲವನ್ನೂ ತಲೆಯ ಮೇಲೆ ಸುರಿದರೆ ದೊಡ್ಡವರೂ ತಡೆಯುವುದಿಲ್ಲ. ಆದರೆ ಕಡಿಮೆ ಹೇಳುವುದು ಬೇರೆ, ಸುಳ್ಳು ಹೇಳುವುದು ಬೇರೆ. ನಾಲ್ಕು ವರ್ಷದವನಿಗೆ 'ತಿಂದ ಊಟ ಶಕ್ತಿಯಾಗಬೇಕಾದರೆ ಹೊಟ್ಟೆಯೊಳಗೆ ಒಂದು ಬೀಗದ ಕೈ ಬೇಕು, ನಿನ್ನ ಹೊಟ್ಟೆಗೆ ಅದನ್ನು ಮಾಡೋಕೆ ಬರಲ್ಲ, ಅದಕ್ಕೇ ಈ ಸೂಜಿಯಲ್ಲಿ ಕೊಡ್ತೀವಿ' ಎಂದರೆ ಸಾಕು. ಎಂಟು ವರ್ಷಕ್ಕೆ 'ಕೈ ನಡುಗಿದರೆ ಹೇಳು, ಗ್ಲೂಕೋಸ್ ತಿನ್ನು'. ಹನ್ನೆರಡಕ್ಕೆ ಕಣ್ಣು, ಕಿಡ್ನಿಯ ಮಾತು. ಐದನೇ ವಯಸ್ಸಿನಲ್ಲಿ ಹೇಳಿದ್ದನ್ನು ಹತ್ತನೇ ವಯಸ್ಸಿನಲ್ಲಿ ವಾಪಸ್ಸು ತೆಗೆದುಕೊಳ್ಳಬೇಕಾಗಬಾರದು, ಅದಕ್ಕೆ ಸೇರಿಸುತ್ತ ಹೋಗುವಂತಿರಬೇಕು; ಅಳತೆಗೋಲು ಅಷ್ಟೇ. 'ಸ್ವಲ್ಪ ದಿನದಲ್ಲಿ ಹೋಗುತ್ತೆ' ಎಂಬ ಮಾತನ್ನು ಒಂದು ದಿನ ವಾಪಸ್ಸು ತೆಗೆದುಕೊಳ್ಳಲೇಬೇಕು, ಆ ದಿನ ಅಪ್ಪ ಅಮ್ಮ ಹೇಳಿದ ಉಳಿದ ಮಾತುಗಳ ಬೆಲೆಯೂ ಇಳಿಯುತ್ತದೆ. ಇದರ ಎದುರು ತುದಿಯಲ್ಲಿ ಇನ್ನೊಂದು ತಪ್ಪೂ ಇದೆ: ಹೇಳಿಯಾಯಿತಲ್ಲ, ಇನ್ನು ನಿನ್ನ ಕಾಯಿಲೆ ನೀನೇ ನೋಡಿಕೋ ಎಂದು ಹದಿಮೂರರ ಹುಡುಗನ ಕೈಗೆ ಇನ್ಸುಲಿನ್ ಪೆನ್ನು, ಪರೀಕ್ಷೆಯ ಸ್ಟ್ರಿಪ್ಪು ಕೊಟ್ಟು ದೂರ ಸರಿಯುವುದು. ತಿಳಿವಳಿಕೆ ಮಗುವಿನದು, ಹೊಣೆ ಇನ್ನೂ ಬಹುಕಾಲ ದೊಡ್ಡವರದು. ರಾತ್ರಿ ಎರಡು ಗಂಟೆಗೆ ಎದ್ದು ಬೆರಳಿಗೆ ಚುಚ್ಚಿ ನೋಡಬೇಕಾದವರು ದೊಡ್ಡವರೇ.

ಆ ಎರಡು ಗಂಟೆಗೆ ಏಳುವವರು ಯಾರು ಎಂಬುದೂ ಗುಟ್ಟಿಗೆ ಸಂಬಂಧಿಸಿದ್ದೇ. ಹೊರಗಿನವರಿಗೆ ತಿಳಿಯಬಾರದು ಎಂದಾದಾಗ ಕಲಿತವಳು ಒಬ್ಬಳೇ ಉಳಿಯುತ್ತಾಳೆ. ಅಜ್ಜಿಗೆ ಸೂಜಿ ಹಾಕಲು ಬರುವುದಿಲ್ಲ, ಚಿಕ್ಕಮ್ಮನಿಗೆ ವಿಷಯವೇ ಗೊತ್ತಿಲ್ಲ. ತಂಗಿಯ ಮದುವೆಗೂ ಆ ತಾಯಿ ಒಂದು ರಾತ್ರಿ ಉಳಿಯುವಂತಿಲ್ಲ. ಜನ ಇದನ್ನು ತ್ಯಾಗ ಎಂದು ಹೊಗಳುತ್ತಾರೆ. ಇದರಲ್ಲಿ ಬಹುಪಾಲು ತ್ಯಾಗ ಅನಗತ್ಯವಾದದ್ದು, ಗುಟ್ಟು ಕೇಳಿದ ಬಲಿ ಅದು. ಗುಟ್ಟು ಬಿಟ್ಟವರೂ ಇದ್ದಾರೆ. ದಾವಣಗೆರೆಯಲ್ಲಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಎಂಬ ಕಾಯಿಲೆಯ ಕುಟುಂಬಗಳಿಗಾಗಿ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದ ಡಾ. ಸುರೇಶ್ ಹನಗವಾಡಿ ಸ್ವತಃ ಹಿಮೋಫಿಲಿಯಾ ಇರುವವರು. ತನ್ನ ಕಾಯಿಲೆಯನ್ನು ಹೆಸರಿಟ್ಟು ಹೇಳಬಲ್ಲ ಒಬ್ಬರ ಸುತ್ತ ಎಷ್ಟೊಂದು ಮನೆಗಳು ಕೂಡಿಕೊಳ್ಳಬಹುದು ಎಂಬುದಕ್ಕೆ ನಮ್ಮ ನಾಡಿನಲ್ಲೇ ಇರುವ ಉದಾಹರಣೆ ಅದು.

ಶಾಲೆ ಕ್ರೂರವಾಗಿ ನಡೆದುಕೊಂಡರೆ? ನಡೆದುಕೊಳ್ಳುತ್ತದೆ, ಕೆಲವು ಕಡೆ. ಪ್ರವೇಶ ನಿರಾಕರಿಸಿದವರು, ಪ್ರವಾಸಕ್ಕೆ ಕರೆದೊಯ್ಯದವರು ಇದ್ದಾರೆ. ಆದರೆ ಹಕ್ಕುಗಳು ಹುಟ್ಟಿದ್ದು ಹೇಳಿದವರಿಂದ. ಸಿಬಿಎಸ್‌ಇ 2017ರಲ್ಲಿ 10 ಮತ್ತು 12ನೇ ತರಗತಿಯ ಮಧುಮೇಹಿ ಮಕ್ಕಳು ಪರೀಕ್ಷಾ ಕೊಠಡಿಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ, ನೀರು ಒಯ್ಯಬಹುದೆಂದು ಅನುಮತಿ ಕೊಟ್ಟಿತು. ಟೈಪ್ ಒನ್ ಮಕ್ಕಳಿಗೆ ತರಗತಿಯಲ್ಲೇ ಸಕ್ಕರೆ ಪರೀಕ್ಷಿಸಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ತಿಂಡಿ ತಿನ್ನಲು ಅವಕಾಶವಿರಬೇಕೆಂದು ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2023ರಲ್ಲಿ ರಾಜ್ಯಗಳಿಗೆ ಬರೆಯಿತು. ಇವು ಕಾಗದದ ಮೇಲಿವೆ. ಕೇಳಿ ಪಡೆಯಬೇಕಾದರೆ ಮೊದಲು ಹೇಳಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಹಿಮೋಫಿಲಿಯಾ, ಥಲಸ್ಸೀಮಿಯಾ, ಸಿಕಲ್ ಸೆಲ್ ಮೂರೂ ಇವೆ. ಟೈಪ್ ಒನ್ ಮಧುಮೇಹ ಇಲ್ಲ. ಲಕ್ಷಗಟ್ಟಲೆ ಮಕ್ಕಳು ಕರಿಬೇವಿನ ಕವರಿನ ಹಿಂದೆ ಅಡಗಿದ್ದರೆ ಆ ಪಟ್ಟಿಗೆ ಅವರನ್ನು ಸೇರಿಸಿ ಎಂದು ಕೇಳುವವರು ಯಾರು?

ಕೊನೆಯದು ಮದುವೆ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಹೇಳಿದರೆ ಸಂಬಂಧಗಳು ತಪ್ಪುತ್ತವೆ, ನಿಜ. ಹುಡುಗನಿಗಿಂತ ಹುಡುಗಿಗೆ ಹೆಚ್ಚು ತಪ್ಪುತ್ತವೆ, ಅದೂ ನಿಜ. ಆದರೆ ಮುಚ್ಚಿಟ್ಟು ಮಾಡಿದ ಮದುವೆಯ ಮಾರನೆಯ ದಿನದಿಂದ ಯೋಚಿಸಿ. ಅತ್ತೆ ಮನೆಯ ಫ್ರಿಜ್ಜಿನಲ್ಲಿ ಬಾಟಲಿ ಇಡುವಂತಿಲ್ಲ. ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಸೂಜಿ; ಮನೆ ತುಂಬ ಜನವಿದ್ದ ದಿನ ಅದೂ ಇಲ್ಲ. ಬಸುರಾದ ಮೊದಲ ಎಂಟು ವಾರಗಳಲ್ಲೇ ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುತ್ತವೆ. ಆಗ ತಾಯಿಯ ಸಕ್ಕರೆ ಏರಿದ್ದರೆ ಗರ್ಭಪಾತದ, ಜನ್ಮದೋಷದ ಅಪಾಯ ಹೆಚ್ಚು. ಬಸುರಾಗುವ ಮುಂಚೆಯೇ ವೈದ್ಯರ ಜೊತೆ ಕೂತು ಸಕ್ಕರೆಯನ್ನು ಹದಕ್ಕೆ ತಂದುಕೊಂಡವರು ಆರೋಗ್ಯವಂತ ಮಕ್ಕಳನ್ನು ಹೆತ್ತಿದ್ದಾರೆ, ಹೆರುತ್ತಿದ್ದಾರೆ. ಗಂಡನಿಗೇ ಗೊತ್ತಿಲ್ಲದಿದ್ದರೆ ಆ ತಯಾರಿ ಹೇಗೆ? ಕಾನೂನಿನ ಕಡೆಯಿಂದಲೂ ನೆಲ ಗಟ್ಟಿಯಿಲ್ಲ: ಮುಖ್ಯವಾದ ಸಂಗತಿಯನ್ನು ವಂಚನೆಯಿಂದ ಮರೆಮಾಚಿ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯ 12ನೇ ಕಲಮು ಅವಕಾಶ ಕೊಡುತ್ತದೆ, ಯಾವುದು ಮುಖ್ಯ ಎಂಬುದನ್ನು ನ್ಯಾಯಾಲಯ ಆಯಾ ಪ್ರಕರಣದಲ್ಲಿ ನೋಡುತ್ತದೆ. ಹೇಳಿದ್ದರಿಂದ ತಪ್ಪಿಹೋದ ಸಂಬಂಧದ ನೋವು ದೊಡ್ಡದು, ಆದರೆ ಅದು ತವರಿನಲ್ಲಿ, ತನ್ನವರ ನಡುವೆ, ಒಮ್ಮೆ ಆಗುವ ನೋವು. ಇನ್ನೊಂದು ಪರರ ಮನೆಯಲ್ಲಿ ದಿನಾ ಆಗುವಂಥದು, ಇನ್ಸುಲಿನ್ ತಪ್ಪಿದ ಪ್ರತಿ ಹೊತ್ತೂ ಮೈಯಲ್ಲಿ ಜಮೆಯಾಗುವಂಥದು. ಹದಿನೆಂಟು ದಾಟಿದ ಮಗಳ ಮದುವೆಯ ಮಾತಿನಲ್ಲಿ ಯಾರಿಗೆ, ಯಾವಾಗ, ಹೇಗೆ ಹೇಳಬೇಕೆಂಬುದನ್ನು ಅವಳೇ ತೀರ್ಮಾನಿಸಬೇಕು. ಎಂಟನೇ ವಯಸ್ಸಿನಲ್ಲಿ ಕೊಠಡಿಯ ಹೊರಗೆ ಕೂರಿಸಿದವಳಿಗೆ ಇಪ್ಪತ್ತನಾಲ್ಕಕ್ಕೆ ಆ ಬಾಯಿ ಎಲ್ಲಿಂದ ಬರಬೇಕು?

ಇಂಥ ಮಗುವಿರುವ ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ವೈದ್ಯರ ಬಳಿ ಹೋದಾಗ ಮಗುವಿಗೂ ಒಂದು ಕುರ್ಚಿ ಎಳೆದುಕೊಳ್ಳಿ. ಮನೆಗೆ ಬಂದು ಒಂದು ಹಾಳೆಯಲ್ಲಿ ಕ್ಲಾಸ್ ಟೀಚರಿಗೆ ನಾಲ್ಕು ಸಾಲು ಬರೆಯಿರಿ: ಕಾಯಿಲೆಯ ಹೆಸರು, ಸಕ್ಕರೆ ಇಳಿದರೆ ಹೇಗೆ ಕಾಣುತ್ತಾಳೆ, ಏನು ಕೊಡಬೇಕು, ಎಚ್ಚರ ತಪ್ಪಿದರೆ ಬಾಯಿಗೆ ಏನನ್ನೂ ಹಾಕದೆ ಯಾವ ನಂಬರಿಗೆ ಫೋನ್ ಮಾಡಬೇಕು. ಶಾಲೆಗೆ ಕೊಡುವ ಮುಂಚೆ ಆ ಹಾಳೆಯನ್ನು ಮಗಳಿಗೆ ಓದಿ ಹೇಳಿ, ಇದರಲ್ಲಿ ಯಾವ ಮಾತು ಇರಲಿ, ಯಾವುದು ಬೇಡ ಎಂದು ಅವಳನ್ನೇ ಕೇಳಿ.